ಬಚ್ಚಲಿನಿಂದ ಹೊರಟ ಗಂಗೆ

ಕರಿಘಟ್ಟದ ಮೆಟ್ಟಿಲು ಹತ್ತಿ, ಶ್ರೀನಿವಾಸನ ದರ್ಶನ ಮಾಡಿ, ಪ್ರಸಾದ ಹಿಡಿದು ದಣಿವಾರಿಸಿಕೊಳ್ಳುವ ಭಕ್ತಾದಿಗಳು ಒಮ್ಮೆ ಕೆಳಗೆ ನೋಡಬೇಕು. ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಕಾವೇರಿ ಅಲ್ಲಿ ಕಾಣುತ್ತಾಳೆ. ಬೆಟ್ಟದ ಬುಡದಲ್ಲಿ ಅವಳನ್ನು ಸೇರಲು ಬರುವ ಪುಟ್ಟ ಹೊಳೆಯೇ ಲೋಕಪಾವನಿ. ಲೋಕವನ್ನು ಪವಿತ್ರ ಮಾಡುವವಳು ಎಂದು ಹೆಸರಿನ ಅರ್ಥ. ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟಿ ಪಾಂಡವಪುರ ಸೀಮೆ ಹಾದು ಬರುವ ಈ ತಾಯಿಗೆ ದೊಡ್ಡ ನದಿಯ ವೈಭವ ಇಲ್ಲ. ಮಳೆ ಬಂದರೆ ಉಂಟು, ಬೇಸಿಗೆಯಲ್ಲಿ ಸೊರಗುವ ಹೊಳೆ.

ನಾಗಮಂಗಲದ ದೇವಲಾಪುರದ ಕಡೆಯಿಂದ ಬರುವ ಯಾತ್ರಿಕರು ಕಾವೇರಿ ಸ್ನಾನಕ್ಕಾಗಿ ಇಷ್ಟು ದೂರ ಬಂದೆವು ಅಂದುಕೊಳ್ಳುತ್ತಾರೆ. ಆದರೆ ಅವರಿಗಿಂತ ಮೊದಲೇ ಅವರ ಮನೆಯ ನೀರು ಕಾವೇರಿಯ ದಾರಿ ಹಿಡಿದಿರುತ್ತದೆ. ಆ ತಾಲ್ಲೂಕಿನಲ್ಲಿ ಬಿದ್ದ ನೀರು ಕೆಲವು ಕಡೆ ಲೋಕಪಾವನಿಗೆ ಇಳಿಯುತ್ತದೆ, ಕೆಲವು ಕಡೆ ವೀರವೈಷ್ಣವಿಯ ಮೂಲಕ ಶಿಂಷೆಗೆ. ಯಾವ ದಾರಿ ಹಿಡಿದರೂ ಕೊನೆಗೆ ಕಾವೇರಿಯೇ. ಬಚ್ಚಲಿನದು ಚರಂಡಿಗೆ, ಚರಂಡಿಯದು ಕೆರೆಗೆ, ಕೆರೆ ಕೋಡಿ ಬಿದ್ದರೆ ಹಳ್ಳಕ್ಕೆ, ಹಳ್ಳ ಹೊಳೆಗೆ.

ಇಲ್ಲೊಂದು ಧರ್ಮಸೂಕ್ಷ್ಮ ಇದೆ. ಸ್ನಾನಕ್ಕೆ ಮೊದಲು ತಂಬಿಗೆಯ ನೀರಿಗೆ ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ ಎಂದು ಏಳು ನದಿಗಳನ್ನು ಕರೆಯುವ ಪದ್ಧತಿ ಎಷ್ಟೋ ಮನೆಗಳಲ್ಲಿ ಉಂಟು. ಬೋರ್‌ವೆಲ್ ನೀರಾದರೂ ಸರಿ, ಕರೆದ ಮೇಲೆ ಅದು ಗಂಗೆ. ಹಾಗಾದರೆ ಅದೇ ನೀರು ಮೈಮೇಲಿಂದ ಇಳಿದು ಬಚ್ಚಲ ತೂತಿನಲ್ಲಿ ಮರೆಯಾದಾಗ ಯಾರು? ಬರುವಾಗ ಗಂಗೆ, ಹೋಗುವಾಗ ಕೊಚ್ಚೆ ಎಂದರೆ ಯಾವ ನ್ಯಾಯ? ಮನೆಗೆ ಬಂದ ಅತಿಥಿಯನ್ನು ಹೀಗೆ ಯಾರಾದರೂ ಕಳಿಸ್ತಾರಾ?

ಮಡಿಯ ವಿಷಯವೂ ಇಂಥದ್ದೇ. ದೇವರ ನೀರಿನ ಬಿಂದಿಗೆಯನ್ನು ಯಾರೂ ಮುಟ್ಟಬಾರದು ಅಂತ ಎಷ್ಟು ಕಟ್ಟುನಿಟ್ಟು! ಆ ಬಿಂದಿಗೆ ತುಂಬಿದ ಹೊಳೆಗೆ ಮಾತ್ರ ಏನು ಸುರಿದರೂ ಮಡಿ ಕೆಡುವುದಿಲ್ಲ. ನೀರಿಗೆ ಉಗುಳಬಾರದು, ಅದರಲ್ಲಿ ಮಲಮೂತ್ರ ಮಾಡಬಾರದು ಎಂದು ಹಳೆಯ ಧರ್ಮಶಾಸ್ತ್ರಗಳೇ ನಿಷೇಧ ಹಾಕಿವೆ. ಬಿಂದಿಗೆಗೆ ನಿಂತುಹೋದ ಮಡಿ ಅರ್ಧ ಮಡಿ.

ಹಿಂದಿನವರು ಪುಣ್ಯವಂತರಾದ್ದರಿಂದ ಹೊಳೆ ಶುದ್ಧವಾಗಿತ್ತು ಎಂದೇನೂ ಅಲ್ಲ. ಬಚ್ಚಲ ನೀರು ಹಿತ್ತಲ ತೆಂಗು, ಬಾಳೆ, ಕೆಸುವಿನ ಬುಡಕ್ಕೆ ಹೋಗುತ್ತಿತ್ತು, ಮಣ್ಣು ಅದನ್ನು ಸೋಸುತ್ತಿತ್ತು. ಪಾತ್ರೆಗೆ ಬೂದಿ, ಹುಣಸೆಹುಳಿ, ತಲೆಗೆ ಸೀಗೆ, ಬಟ್ಟೆಗೆ ಅಂಟುವಾಳ. ಈಗ ಬಣ್ಣಬಣ್ಣದ ಪುಡಿ ಬಂದಿದೆ, ಸಿಮೆಂಟ್ ಚರಂಡಿ ಬಂದಿದೆ. ಚರಂಡಿ ಸೊಳ್ಳೆ ಕಡಿಮೆ ಮಾಡಿತು ನಿಜ, ಆದರೆ ಮಣ್ಣಿನ ಕೆಲಸವನ್ನು ಕಿತ್ತುಕೊಂಡಿತು. ಬಟ್ಟೆಪುಡಿಯಲ್ಲಿ ರಂಜಕ ಇದ್ದರೆ ಅದು ಕೆರೆಯ ಪಾಚಿಗೂ ಅಂತರಗಂಗೆಗೂ ಗೊಬ್ಬರವಾಗುತ್ತದೆ. ಅವು ಹಬ್ಬಿ, ಸತ್ತು ಕೊಳೆಯುವಾಗ ನೀರಿನೊಳಗಿನ ಆಮ್ಲಜನಕ ಖರ್ಚಾಗಿ ಮೀನು ಸಾಯುತ್ತವೆ. ಬೋಂಡಾ ಕರಿದ ಎಣ್ಣೆ ಸಿಂಕಿಗೆ ಸುರಿದರೆ ನೀರಿನ ಮೇಲೆ ಪದರ ಕಟ್ಟಿ ಗಾಳಿ ಒಳಗೆ ಇಳಿಯದಂತೆ ತಡೆಯುತ್ತದೆ. ಜಿಡ್ಡಿನ ಬಾಣಲೆಯನ್ನು ಹಳೇ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆದರೆ ಅರ್ಧ ಪುಡಿ ಸಾಕು. ಪಾಯಿಪು ತಿರುಗಿಸಿ ಬಚ್ಚಲ ನೀರನ್ನು ಮತ್ತೆ ತೆಂಗಿನ ಬುಡಕ್ಕೆ ಬಿಡುವುದು ಅರ್ಧ ದಿನದ ಕೆಲಸ.

ಇಂಥ ಮಾತೆಲ್ಲ ಮನೆಯ ಹೆಂಗಸರಿಗೇ ಹೇಳಿಬಿಡೋದು ರೂಢಿ. ಅದು ಸರಿಯಲ್ಲ. ಔಷಧಿ ಹೊಡೆದ ಸ್ಪ್ರೇಯರ್ ಕ್ಯಾನನ್ನು ಹಳ್ಳದಲ್ಲಿ ಅಲುಬಿಸೋರು ಯಾರು? ಟ್ರ್ಯಾಕ್ಟರನ್ನು ಹೊಳೆಗೆ ಇಳಿಸಿ ತೊಳೆಯೋರು ಯಾರು?

ಇನ್ನು ಯಾತ್ರೆಯ ಮಾತು. ಮುಳುಗು ಹಾಕಿ ಉಟ್ಟ ಬಟ್ಟೆಯನ್ನು ನೀರಲ್ಲೇ ಬಿಟ್ಟರೆ ಪಾಪ ಹೋಗುತ್ತದೆಂದು ಕೆಲವರು ನಂಬುತ್ತಾರೆ. ಹಿಂದೆ ಬಿಡುತ್ತಿದ್ದದ್ದು ಹತ್ತಿ ಬಟ್ಟೆ, ಕೊಳೆತು ಹೋಗುತ್ತಿತ್ತು. ಈಗಿನ ಪಾಲಿಯೆಸ್ಟರ್ ಸೀರೆ ಕೊಳೆಯೋದಿಲ್ಲ, ಕಲ್ಲಿಗೆ, ಬೇರಿಗೆ ಸುತ್ತಿಕೊಂಡು ವರ್ಷಗಟ್ಟಲೆ ಇರುತ್ತದೆ. 2025ರ ಮಾರ್ಚ್‌ನಲ್ಲಿ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆಯವರು, ತೀರ್ಥಕ್ಷೇತ್ರಗಳ ನದಿ ದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ, ನೀರಿಗೆ ಬಟ್ಟೆ ಬಿಡದಂತೆ ನೋಡಿಕೊಳ್ಳಲು ಅಧಿಕಾರಿಗಳಿಗೆ ಸೂಚಿಸಿದ್ದರು. ಭಕ್ತರು ತಾವಾಗಿ ಮಾಡಬೇಕಾದ್ದನ್ನು ಸರ್ಕಾರ ಹೇಳಬೇಕಾಗಿ ಬಂತು. ಗಣೇಶನ ವಿಷಯದಲ್ಲೂ ಹಾಗೇ ಆಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ನಿಯಮದಲ್ಲಿ ಪಿಒಪಿ ಮೂರ್ತಿ ಬೇಡವೆಂದಿತು. ಮಣ್ಣಿನ ಗಣಪನಾದರೆ ಮನೆಯ ಬಕೆಟ್‌ನಲ್ಲೇ ಕರಗುತ್ತಾನೆ, ಆ ಮಣ್ಣು ಹೂವಿನ ಗಿಡಕ್ಕೆ.

‘ಊರಿಗೆ ಊರೇ ಕೊಳಚೆ ಬಿಡ್ತದೆ, ಫ್ಯಾಕ್ಟರಿಗಳು ವಿಷ ಬಿಡ್ತವೆ, ನಮ್ಮ ಒಂದು ಬಕೆಟ್ ನೀರಿಂದ ಏನಾಗ್ತದೆ?’ ಎಂದು ಕೇಳೋರಿದ್ದಾರೆ. ಪ್ರಶ್ನೆ ಸುಳ್ಳಲ್ಲ. ಪಟ್ಟಣದ ಒಳಚರಂಡಿ, ಕಾರ್ಖಾನೆಯ ನೀರಿನ ಪಾಲು ದೊಡ್ಡದು. ಅದಕ್ಕಾಗಿಯೇ 1974ರಿಂದ ಜಲಮಾಲಿನ್ಯ ಕಾಯ್ದೆ ಇದೆ, ಅದು ಸರಿಯಾಗಿ ನಡೆಯಬೇಕು. ಬಾಣಲೆ ಒರೆಸಿದ ಮಾತ್ರಕ್ಕೆ ಅವರ ತಪ್ಪು ಮಾಫಿ ಆಗೋದಿಲ್ಲ. ಆದರೆ ತುಂಬು ಕಾವೇರಿ ತಡೆದುಕೊಳ್ಳುವುದನ್ನು ಬೇಸಿಗೆಯ ಲೋಕಪಾವನಿ ತಡೆದುಕೊಳ್ಳಲಾರಳು. ಸಣ್ಣ ಹೊಳೆಗೆ ನೂರು ಮನೆಯ ಬಚ್ಚಲೂ ದೊಡ್ಡದೇ.

ಪಕ್ಕದ ಮನೆ ಬಾಗಿಲಿಗೆ ಗಂಜಲ ಚೆಲ್ಲಿದರೆ ಪಂಚಾಯ್ತಿ ಸೇರುತ್ತದೆ. ಅದನ್ನೇ ಹಳ್ಳದ ಮೂಲಕ ಹತ್ತು ಮೈಲಿ ಕೆಳಗಿನ ಊರಿಗೆ ಕಳಿಸಿದರೆ ಯಾರೂ ಕೇಳೋದಿಲ್ಲ, ಮುಖ ಕಾಣೋದಿಲ್ಲವಲ್ಲ. ಕರಿಘಟ್ಟದ ಕೆಳಗೆ ನಿಂತು ಬೊಗಸೆ ನೀರು ಎತ್ತಿ ತಲೆಗೆ ಹಾಕಿಕೊಳ್ಳುವ ಅಜ್ಜಿ ಆ ಕೆಳಗಿನ ಊರಿನವಳೇ ಇರಬಹುದು. ದೇವಲಾಪುರದಿಂದ ಬೆಳಗಿನ ಬಸ್ಸಿಗೆ ಹೊರಟು ಬಂದವಳೂ ಆಗಿರಬಹುದು.