ಅಳಿಸಿದ ಗೆರೆ ಎಲ್ಲಿ ಹೋಯಿತು?

ಮಕ್ಕಳು ಚಿತ್ರ ಬರೆಯಲು ಕಲಿಯುವ ರೀತಿ ಬದಲಾಗಿದೆ ಎಂದು ಓದುಗ ಬಂಧುಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಡ್ರಾಯಿಂಗ್ ಹಾಳೆ, ಪೆನ್ಸಿಲ್, ರಬ್ಬರ್, ಬಣ್ಣದ ಡಬ್ಬಿ ಇದ್ದ ಜಾಗಕ್ಕೆ ಈಗ ಕೆಲವು ಮನೆಗಳಲ್ಲಿ ಗ್ರಾಫಿಕ್ಸ್ ಟ್ಯಾಬ್ಲೆಟ್ ಎಂಬ ಕಪ್ಪು ಹಲಗೆಯೊಂದು ಬಂದಿದೆ. ಅದರ ಮೇಲೆ ಪೆನ್ನು ಓಡಿಸಿದರೆ ಗೆರೆ ಮೂಡುವುದು ಕಂಪ್ಯೂಟರಿನ ಪರದೆಯ ಮೇಲೆ. ಕಡಿಮೆ ಬೆಲೆಯದಕ್ಕೂ ಕೆಲವು ಸಾವಿರ ರೂಪಾಯಿ ಬೇಕು. ಆದ್ದರಿಂದ ಕೊಡಿಸುವ ಮುನ್ನ ತಂದೆತಾಯಂದಿರು ಯೋಚಿಸುತ್ತಾರೆ, ಯೋಚಿಸಬೇಕಾದದ್ದೇ. ಆದರೆ ಹೆಚ್ಚಿನವರು ಕೇಳುವುದು ‘ಇದರಿಂದ ಓದಿಗೆ ತೊಂದರೆಯಾಗುವುದಿಲ್ಲವೇ’ ಎಂದು ಮಾತ್ರ. ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳಿದಂತೆ ಕಾಣೆ. ಒಂದು ಕೀಲಿ ಒತ್ತಿದರೆ ತಪ್ಪು ಇಲ್ಲವಾಗುವ ಕಡೆ ಕಲಿಯುವ ಮಗು, ತಪ್ಪಿನ ಬಗ್ಗೆ ಏನನ್ನು ಕಲಿಯುತ್ತದೆ?

ಸಾಗರ ತಾಲ್ಲೂಕಿನ ತುಮರಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ ಎಂದಿಟ್ಟುಕೊಳ್ಳೋಣ. ಹತ್ತನೆಯ ತರಗತಿ ಮುಗಿದ ರಜೆಯಲ್ಲಿ ಅಣ್ಣ ಬೆಂಗಳೂರಿನಿಂದ ತಂದುಕೊಟ್ಟ ಟ್ಯಾಬ್ಲೆಟ್ ಅವಳ ಮುಂದಿದೆ. ಕ್ರಿಟಾ ಎಂಬ ತಂತ್ರಾಂಶ ಹಣವಿಲ್ಲದೆ ಸಿಗುತ್ತದೆ. ಒಮ್ಮೆ ಹಾಕಿಕೊಂಡರೆ ಮತ್ತೆ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕಾಗಿಲ್ಲ. ಅವಳು ಒಂದು ವೃತ್ತ ಬರೆಯಲು ಹೊರಡುತ್ತಾಳೆ. ಮೂಡುವುದು ಕೋಳಿಮೊಟ್ಟೆ. ಹಲಗೆಯ ಉದ್ದಗಲದ ಪ್ರಮಾಣ ಬೇರೆ, ಪರದೆಯದು ಬೇರೆ; ಎರಡನ್ನೂ ಹೊಂದಿಸಿಕೊಳ್ಳದಿದ್ದರೆ ಎಂಥ ಪಳಗಿದ ಕೈಗೂ ವೃತ್ತ ಬಾರದು. ಹೊಂದಿಸಿದ ಮೇಲೂ ಗೆರೆ ನಡುಗುತ್ತದೆ. ಕೈ ಮೇಜಿನ ಮೇಲೆ, ಕಣ್ಣು ಎದುರಿನ ಪರದೆಯಲ್ಲಿ. ಹುಟ್ಟಿದಂದಿನಿಂದ ಕೈಯನ್ನು ನೋಡಿಕೊಂಡೇ ಕೆಲಸ ಮಾಡಿದವರಿಗೆ ಇದು ಅಭ್ಯಾಸವಾಗಲು ದಿನಗಳು, ಕೆಲವರಿಗೆ ವಾರಗಳು ಬೇಕು. ಮಣಿಕಟ್ಟಿನಿಂದ ಎಳೆದ ಗೆರೆ ಗಿಡ್ಡವಾಗಿ ಬಾಗುತ್ತದೆ, ಮೊಣಕೈ ಮತ್ತು ಭುಜದಿಂದ ಎಳೆದದ್ದು ನೇರವಾಗಿ ಹರಿಯುತ್ತದೆ ಎಂಬುದೂ ಮಾಡಿ ಮಾಡಿಯೇ ತಿಳಿಯಬೇಕು.

ಈ ವಿದ್ಯೆ ನಾವು ಎಣಿಸಿದಷ್ಟು ಹೊಸದಲ್ಲ. ಅಮೆರಿಕದ ರ‍್ಯಾಂಡ್ ಸಂಸ್ಥೆ ಇಂತಹ ಹಲಗೆಯನ್ನು ರೂಪಿಸಿದ್ದು 1964ರಲ್ಲಿ. ಇಂದು ಈ ಸಲಕರಣೆಗೆ ಹೆಸರಾದ ವ್ಯಾಕಮ್ ಕಂಪನಿ ಜಪಾನಿನಲ್ಲಿ ಶುರುವಾದದ್ದು 1983ರಲ್ಲಿ. ಈಗಿನ ಅನೇಕ ಪೆನ್ನುಗಳಲ್ಲಿ ಬ್ಯಾಟರಿಯೇ ಇಲ್ಲ. ಹಲಗೆಯೊಳಗಿನ ತಂತಿಜಾಲ ಹೊಮ್ಮಿಸುವ ಕಾಂತಶಕ್ತಿಯಿಂದಲೇ ಪೆನ್ನು ಜೀವ ಪಡೆದು, ತಾನೆಲ್ಲಿದ್ದೇನೆ, ಎಷ್ಟು ಒತ್ತುತ್ತಿದ್ದೇನೆ ಎಂದು ಹಿಂತಿರುಗಿ ತಿಳಿಸುತ್ತದೆ. ಒತ್ತಡದ 8192 ಹಂತಗಳನ್ನು ಗುರುತಿಸುವ ಹಲಗೆಗಳು ಸಾಮಾನ್ಯವಾಗಿವೆ. ಕಲಿಯುವವಳ ಬೆರಳಿಗೆ ಅವುಗಳಲ್ಲಿ ನಾಲ್ಕೈದು ಮಾತ್ರ ಗೊತ್ತಿರುತ್ತವೆ ಎಂಬುದು ಬೇರೆ ಮಾತು.

ಗೆರೆ ಕೆಟ್ಟಾಗ ಅವಳ ಎಡಗೈ ತಾನಾಗಿ ಕೀಲಿಮಣೆಗೆ ಹೋಗುತ್ತದೆ. ಕಂಟ್ರೋಲ್ ಮತ್ತು ಝಡ್. ಗೆರೆ ಮಾಯ. ಮತ್ತೆ ಎಳೆಯುತ್ತಾಳೆ, ಮತ್ತೆ ಮಾಯ. ಒಂದು ಹುಬ್ಬು ಬರೆಯಲು ಮೂವತ್ತು ಸಲ.

ಇದನ್ನು ಕಂಡ ಹಿರಿಯರು ಗೊಣಗುವುದುಂಟು. ‘ನಮ್ಮ ಕಾಲದಲ್ಲಿ ಹಾಳೆ ಹಾಳಾಗುತ್ತದೆ ಎಂಬ ಹೆದರಿಕೆಗಾದರೂ ಗಮನವಿಟ್ಟು ಬರೆಯುತ್ತಿದ್ದೆವು’ ಎನ್ನುತ್ತಾರೆ. ಈ ಮಾತು ಅರ್ಧ ಸರಿ. ಉಳಿದರ್ಧವನ್ನು ಅವರು ಮರೆತಿದ್ದಾರೆ. ನಾವೆಲ್ಲ ಅಕ್ಷರ ಕಲಿತದ್ದು ಸ್ಲೇಟಿನ ಮೇಲಲ್ಲವೇ? ಅದಕ್ಕೂ ಹಿಂದಿನವರು ಮರಳಿನ ಮೇಲೆ ಬೆರಳಿಟ್ಟು ತಿದ್ದಿದವರು. ಬಳಪದ ಅಕ್ಷರವನ್ನು ಒದ್ದೆ ಬಟ್ಟೆಯಿಂದ, ಬಟ್ಟೆ ಇಲ್ಲದಾಗ ಅಂಗೈಯಿಂದ ಒರೆಸಿ ಮತ್ತೆ ಬರೆದೆವು. ಹಾಳೆ ಕೊಳ್ಳಲು ಕಾಸಿಲ್ಲದ ಮನೆಯ ಮಕ್ಕಳಿಗೆ ಆ ಸ್ಲೇಟು ದೊಡ್ಡ ಉಪಕಾರ ಮಾಡಿತು. ಆದ್ದರಿಂದ ಅಳಿಸುವುದೇ ದೋಷ ಎನ್ನುವಂತಿಲ್ಲ. ಕಲಿಯುವವರಿಗೆ ತಪ್ಪು ಮಾಡಲು ಒಂದು ಅಗ್ಗದ ಜಾಗ ಬೇಕೇ ಬೇಕು.

ಹಾಗಾದರೆ ಸ್ಲೇಟಿಗೂ ಈ ಕೀಲಿಗೂ ವ್ಯತ್ಯಾಸವೇನು? ಸ್ಲೇಟು ಒರೆಸಿದಾಗ ಸರಿಯಾದ ಅಕ್ಷರಗಳೂ ಹೋಗುತ್ತಿದ್ದವು, ಮತ್ತೆ ಮೊದಲಿನಿಂದ ಬರೆಯಬೇಕಿತ್ತು. ಒರೆಸಿದ ಮೇಲೂ ಮಸುಕಾದ ಗುರುತು ಉಳಿಯುತ್ತಿತ್ತು. ಕೀಲಿಯಾದರೋ ತಪ್ಪನ್ನು ಮಾತ್ರ ತೆಗೆದು, ತಪ್ಪು ನಡೆಯುವ ಮುಂಚಿನ ಕ್ಷಣಕ್ಕೆ ಚಿತ್ರವನ್ನು ಕೊಂಡೊಯ್ಯುತ್ತದೆ. ಏನೂ ನಡೆದೇ ಇಲ್ಲ ಎನ್ನುತ್ತದೆ. ಅದು ನಿಜವಲ್ಲ. ಪರದೆಯ ಮೇಲಿನ ಗೆರೆ ಹೋಯಿತು, ಕೈ ಮಾಡಿದ ಚಲನೆ ಕೈಯಲ್ಲೇ ಉಳಿಯಿತು. ಮೂವತ್ತು ಸಲ ಎಳೆದ ಹುಡುಗಿ ಇಪ್ಪತ್ತೊಂಬತ್ತು ಸಲ ತಪ್ಪು ಚಲನೆಯನ್ನೇ ರೂಢಿ ಮಾಡಿಕೊಂಡಿದ್ದಾಳೆ. ಎಲ್ಲಿ ತಪ್ಪಿತು ಎಂದು ನೋಡಲು ಅವಳೆದುರು ಒಂದು ಗೆರೆಯೂ ಉಳಿದಿಲ್ಲ. ಕೆಟ್ಟ ಗೆರೆಯನ್ನು ಹಾಗೆಯೇ ಬಿಟ್ಟು ಅದರ ಪಕ್ಕದಲ್ಲಿ ಇನ್ನೊಂದನ್ನು ಎಳೆದಿದ್ದರೆ, ಹತ್ತು ಗೆರೆಯಾಗುವಷ್ಟರಲ್ಲಿ ಕೈ ಯಾವ ಕಡೆಗೆ ಜಾರುತ್ತದೆ ಎಂದು ಅವಳೇ ಕಂಡುಕೊಳ್ಳುತ್ತಿದ್ದಳು.

ಇಲ್ಲಿ ಮಲೆನಾಡಿನ ಹಸೆ ಚಿತ್ತಾರ ನೆನಪಾಗುತ್ತದೆ. ಸಾಗರದ ಸುತ್ತಿನ ದೀವರ ಹೆಣ್ಣುಮಕ್ಕಳು ಮದುವೆಗೆಂದು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಬರೆಯುವ ಚಿತ್ರ ಅದು. ಪುಂಡಿ ನಾರೇ ಕುಂಚ. ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯ ಬೀಜದಿಂದ ಹಳದಿ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಇದೇ ಎಳೆಗಳು. ಎಳೆಯ ಪಕ್ಕದಲ್ಲಿ ಎಳೆ, ಅದರ ಪಕ್ಕದಲ್ಲಿ ಮತ್ತೊಂದು. ಮೊದಲನೆಯದು ಕೂದಲೆಳೆಯಷ್ಟು ಬಾಗಿದರೆ ಎರಡನೆಯದು ಅದನ್ನು ನೋಡಿಕೊಂಡೇ ಸಾಗಬೇಕು. ತೆಗೆಯಲೇಬೇಕೆಂದರೆ ಗೋಡೆಗೆ ಮತ್ತೆ ಕೆಮ್ಮಣ್ಣು ಕಾಣಿಸಬೇಕು. ಆದರೆ ಆ ಹೆಣ್ಣುಮಕ್ಕಳು ಒಂದೂ ಗೆರೆ ಅಳಿಸದೆ ಕಲಿತರು ಎಂದು ಹೊಗಳಲು ಹೊರಟರೆ ಅದೂ ಸುಳ್ಳಾದೀತು. ಅಂಗಳದ ರಂಗೋಲಿ ದಿನವೂ ಕಾಲಿಗೆ ಸಿಕ್ಕಿ, ಮರುದಿನ ಬೆಳಿಗ್ಗೆ ಪೊರಕೆಗೆ ಸಿಕ್ಕಿ ಹೋಗುತ್ತಿತ್ತು. ಅಲ್ಲಿ ಪಳಗಿದ ಬೆರಳು ಗೋಡೆಗೆ ಬಂದದ್ದು. ಅಳಿಯುವ ನೆಲವೂ ಇತ್ತು, ಅಳಿಯದ ಗೋಡೆಯೂ ಇತ್ತು. ಟ್ಯಾಬ್ಲೆಟ್ಟಿನಲ್ಲಿ ಕಲಿಯುವ ಮಗುವಿಗೆ ನೆಲ ಮಾತ್ರ ಸಿಕ್ಕಿದೆ, ಗೋಡೆಯನ್ನು ಮನೆಯವರು ಒದಗಿಸಬೇಕು. ವಾರಕ್ಕೊಂದು ಚಿತ್ರವನ್ನು ಹಿಂದೆಗೆಯುವ ಕೀಲಿ ಮುಟ್ಟದೆ ಮುಗಿಸು ಎಂದರೆ ಸಾಕು. ಅಜ್ಜಿಗೆ ತೋರಿಸಲೆಂದು ಬರೆದರೆ ಇನ್ನೂ ಒಳ್ಳೆಯದು.

ಇದೆಲ್ಲ ಚಿತ್ರಕ್ಕೆ ಮಾತ್ರ ಸಂಬಂಧಿಸಿದ ಮಾತಾಗಿದ್ದರೆ ಈ ಪುಟದಲ್ಲಿ ಇಷ್ಟು ಜಾಗ ಹಿಡಿಯುತ್ತಿರಲಿಲ್ಲ. ತಮ್ಮನ ಮೇಲೆ ಕೈ ಎತ್ತಿದ ಮಗು ‘ಸಾರಿ’ ಎಂದು ಹೇಳಿ, ಮರುಗಳಿಗೆಯೇ ‘ಸಾರಿ ಹೇಳಿದೆನಲ್ಲ, ಇನ್ನೇನು?’ ಎಂದು ಕೇಳುವುದನ್ನು ನಾವು ಮನೆಗಳಲ್ಲಿ ಕಾಣುತ್ತೇವೆ. ದೊಡ್ಡವರು ಪಾಪನಿವೇದನೆ ಮುಗಿಸಿ ಬಂದು ಹಾಗೆಯೇ ಯೋಚಿಸುವುದಿಲ್ಲವೆಂದು ಹೇಳಲಾರೆ. ಕ್ಷಮೆ ಸಿಕ್ಕಿದ್ದು ನಿಜ. ಆದರೆ ನಡೆದದ್ದು ನಡೆಯದಂತೆ ಆಗಲಿಲ್ಲ. ಜಕ್ಕಾಯನ ಮನೆಗೆ ಯೇಸುಸ್ವಾಮಿ ಬಂದ ದಿನ ಆತ ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂತಿರುಗಿಸುವುದಾಗಿ ಹೇಳಿದ. ಲೆಕ್ಕದ ಪುಸ್ತಕವನ್ನು ಸುಟ್ಟುಬಿಡುತ್ತೇನೆ ಎನ್ನಲಿಲ್ಲ. ಪುನರುತ್ಥಾನದ ನಂತರವೂ ಪ್ರಭುವಿನ ಕೈಗಳಲ್ಲಿ ಮೊಳೆಯ ಗಾಯದ ಗುರುತಿತ್ತು, ತೋಮನಿಗೆ ತೋರಿಸಿದ್ದು ಅದನ್ನೇ.

ತುಮರಿಯವರಿಗೆ ಇದನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಅಮೆರಿಕದಲ್ಲಿ ಆ ಹಲಗೆ ಹುಟ್ಟಿದ 1964ರಲ್ಲೇ ಇಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯಿತು. ಶರಾವತಿಯ ಹಿನ್ನೀರು ಗದ್ದೆ, ತೋಟ, ಮನೆಗಳ ಮೇಲೆ ಹರಡಿ, ಈ ಊರುಗಳನ್ನು ಸಾಗರದಿಂದ ಬೇರೆ ಮಾಡಿತು. ನಾಡಿಗೆ ಬೆಳಕು ಬಂತು; ಶರಾವತಿ ವಿದ್ಯುದಾಗಾರವೊಂದರ ಸಾಮರ್ಥ್ಯವೇ 1035 ಮೆಗಾವಾಟ್. ಆ ಹುಡುಗಿಯ ಪರದೆ ಬೆಳಗುವುದರಲ್ಲಿ ಅದರ ಪಾಲೂ ಇದ್ದೀತು. ದಶಕಗಳ ಕಾಲ ಜನ ಲಾಂಚಿಗೆ ಕಾದರು. ರಾತ್ರಿ ಕಾಯಿಲೆ ಬಿದ್ದವರ ಪಾಡು ಅವರ ಮನೆಯವರಿಗೇ ಗೊತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆಯಿತು, ಎರಡು ಕಿಲೋಮೀಟರಿಗೂ ಉದ್ದ. ಸಂತೋಷದ ಸಂಗತಿ. ಆದರೆ ಸೇತುವೆ 1964ನ್ನು ಅಳಿಸಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿದ ಮರದ ಬೊಡ್ಡೆಗಳು, ಮುಳುಗಿದ್ದ ಹಿರೇಭಾಸ್ಕರ ಅಣೆಕಟ್ಟಿನ ಗೋಡೆಗಳು ಮೇಲೆ ಕಾಣುತ್ತವೆ. ಸೇತುವೆ ಎಂದರೆ ಹಳೆಯ ಗೆರೆಯ ಪಕ್ಕದಲ್ಲಿ, ಅದನ್ನು ನೋಡಿಕೊಂಡು ಎಳೆದ ಇನ್ನೊಂದು ಗೆರೆ. ತಡವಾಗಿ ಎಳೆದದ್ದು ಎಂದು ಸೇರಿಸಿದರೆ ಯಾರೂ ಬೇಸರಿಸಬೇಕಾಗಿಲ್ಲ.

ಇನ್ನೊಂದು ವಿಷಯವನ್ನೂ ಹೇಳಬೇಕು. ಈ ತಂತ್ರಾಂಶಗಳಲ್ಲಿ ಪದರಗಳಿರುತ್ತವೆ. ಕೆಳಗಿನ ಪದರದಲ್ಲಿ ಒಂದು ಚಿತ್ತಾರದ ಫೋಟೋ ಇಟ್ಟು, ಮೇಲಿನದರಲ್ಲಿ ತಿದ್ದಿ, ಕೊನೆಗೆ ಕೆಳಗಿನದನ್ನು ತೆಗೆದುಬಿಡಬಹುದು. ತಿದ್ದುವುದು ಕಲಿಕೆ, ಅದರಲ್ಲಿ ತಪ್ಪಿಲ್ಲ. ಅಕ್ಷರವನ್ನೂ ನಾವು ತಿದ್ದಿಯೇ ಕಲಿತೆವು. ಕೆಳಗಿನ ಪದರ ತೆಗೆದು, ಉಳಿದದ್ದಕ್ಕೆ ತನ್ನ ಹೆಸರು ಬರೆದು, ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿ ಮಾರಿದಾಗ ಮಾತು ಬೇರೆಯಾಗುತ್ತದೆ. ಆ ಗೋಡೆಯನ್ನು ಬರೆದ ಹೆಂಗಸು ಅಲ್ಲೇ ಪಕ್ಕದ ಊರಿನಲ್ಲಿ ಇರಬಹುದು. ಅವಳ ಗೆರೆ ಎಲ್ಲಿ ಹೋಯಿತು? ಚಿತ್ರದ ಮೂಲೆಯಲ್ಲಿ ‘ಇಂಥ ಊರಿನ, ಇಂಥವರ ಮನೆಯ ಗೋಡೆಯಿಂದ’ ಎಂದು ಅವರನ್ನು ಕೇಳಿಯೇ ಬರೆಯುವುದನ್ನು ಮಕ್ಕಳಿಗೆ ಮೊದಲ ದಿನವೇ ರೂಢಿ ಮಾಡಿಸಬಹುದು.

ನಮ್ಮ ಧರ್ಮಕೇಂದ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ಧರ್ಮಸಭೆ ಯಾವುದೇ ಒಂದು ಕಲಾಶೈಲಿಯನ್ನು ತನ್ನದೆಂದು ಹಿಡಿದುಕೊಂಡಿಲ್ಲ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ದೈವಾರಾಧನೆಯ ಕುರಿತ ತನ್ನ ದಾಖಲೆಯಲ್ಲಿ ತಿಳಿಸಿದೆ. ಆದ್ದರಿಂದ ಕ್ರಿಸ್ಮಸ್ ಗೋದಲಿಯ ಹಿಂದಿನ ಗೋಡೆಗೆ ಚಿತ್ತಾರ ಬರೆಸಬೇಕೆಂದು ಯುವಜನರು ಆಸೆಪಟ್ಟರೆ ಅಡ್ಡಿಯೇನೂ ಇಲ್ಲ. ಆದರೆ ಕಂಪ್ಯೂಟರಿನಲ್ಲಿ ತಿದ್ದಿ ಫ್ಲೆಕ್ಸ್ ಹಾಕಿಸುವ ಮೊದಲು, ಅದನ್ನು ಬರೆಯಬಲ್ಲ ಹೆಂಗಸರನ್ನು ಒಮ್ಮೆ ಹೋಗಿ ಕಾಣಿರಿ. ಅವರು ಬರುವುದಾದರೆ ಟ್ಯಾಬ್ಲೆಟ್ಟಿನ ಹುಡುಗಿಯನ್ನು ಅವರ ಪಕ್ಕದಲ್ಲಿ ಅಕ್ಕಿಹಿಟ್ಟು ಕಲಸಲು ಕೂರಿಸಿ. ಕೂಲಿ ಎಷ್ಟೆಂದು ಮುಂಚಿತವಾಗಿಯೇ ಮಾತಾಡಿಕೊಳ್ಳಿ. ಹಬ್ಬದ ಮರುದಿನ ಇಗರ್ಜಿಯ ಲೆಕ್ಕದಲ್ಲಿ ಹಣವಿಲ್ಲ ಎನ್ನುವಂತಾಗಬಾರದು.