ಸಕ್ಕರೆ ಕಾಯಿಲೆ ಬಂದರೆ ತಪ್ಪು ಯಾರದು?

ಪ್ರಸಂಗಪೀಠದಲ್ಲಿ ನಿಂತು ನಾವು ಹೆಚ್ಚಾಗಿ ಮಾತಾಡದ ಒಂದು ವಿಷಯವನ್ನ ಇವತ್ತು ತಗೊಂಡಿದ್ದೇನೆ. ನಮ್ಮ ಊಟ, ನಮ್ಮ ಹೊಟ್ಟೆ, ನಮ್ಮ ರಕ್ತದಲ್ಲಿರೋ ಸಕ್ಕರೆ.

"ಪಾಸ್ಟರ್, ಇದು ಡಾಕ್ಟರ್ ಹೇಳಬೇಕಾದ ವಿಷಯ ಅಲ್ವಾ?" ಅಂತ ನಿಮಗೆ ಅನ್ನಿಸಬಹುದು. ಶುಗರ್ ಎಷ್ಟಿರಬೇಕು, ಯಾವ ಮಾತ್ರೆ ತಗೋಬೇಕು ಅನ್ನೋದು ಡಾಕ್ಟರ್ ಹೇಳೋ ವಿಷಯವೇ. ಆದರೆ ರಿಪೋರ್ಟ್ ಕೈಗೆ ಬಂದ ರಾತ್ರಿ ಮನಸ್ಸಿನಲ್ಲಿ ಏಳುವ ಪ್ರಶ್ನೆ ಬೇರೆ. ಆರಾಧನೆ ಮುಗಿದ ಮೇಲೆ ಪ್ರಾರ್ಥನೆಗೆ ಬರುವ ಯೌವನಸ್ಥರು ನನ್ನ ಹತ್ತಿರ ಅದನ್ನೇ ಕೇಳ್ತಾರೆ. ವಯಸ್ಸು ಇಪ್ಪತ್ತೇಳು, ಮೂವತ್ತು. ಕಂಪನಿಯ ಹೆಲ್ತ್ ಚೆಕಪ್‌ನಲ್ಲಿ "ಬಾರ್ಡರ್‌ಲೈನ್" ಅಂತ ಬಂದಿರುತ್ತೆ. ಒಬ್ಬರು ಕೇಳ್ತಾರೆ, "ಬಾಯಿ ಚಪಲಕ್ಕೆ ದೇವರು ಕೊಟ್ಟ ಶಿಕ್ಷೆನಾ ಇದು?" ಇನ್ನೊಬ್ಬರು ಕೇಳ್ತಾರೆ, "ನಂಬಿಕೆಯಿಂದ ಮಾತ್ರೆ ಬಿಟ್ಟುಬಿಡಲಾ?" ಎರಡರ ಹಿಂದೆಯೂ ಇರುವ ಪ್ರಶ್ನೆ ಒಂದೇ. ತಪ್ಪು ಯಾರದು? ನನ್ನ ನಾಲಿಗೆಯದಾ, ನನ್ನ ನಂಬಿಕೆಯದಾ?

ಯೋಹಾನನ ಸುವಾರ್ತೆ 9ನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನನ್ನು ನೋಡಿ, ಪಾಪ ಮಾಡಿದವನು ಇವನೋ, ಇವನ ಹೆತ್ತವರೋ ಎಂದು ವಿಚಾರಿಸುತ್ತಾರೆ. ಯೇಸು ಸ್ವಾಮಿ ಎರಡನ್ನೂ ಒಪ್ಪಲಿಲ್ಲ. ಮಣ್ಣು ಕಲಸಿದರು, ಕಣ್ಣಿಗೆ ಹಚ್ಚಿದರು, ಕೊಳಕ್ಕೆ ಹೋಗಿ ತೊಳೆದುಕೊಳ್ಳಲು ಹೇಳಿ ಕಳುಹಿಸಿದರು. ಶಿಷ್ಯರು ಹಿಂದೆ ಏನಾಯಿತು ಅಂತ ಹುಡುಕುತ್ತಿದ್ದರು. ಸ್ವಾಮಿ ಮುಂದೆ ಏನಾಗಬೇಕು ಅನ್ನೋದನ್ನ ಮಾಡಿ ತೋರಿಸಿದರು. ಈ ವ್ಯತ್ಯಾಸವನ್ನ ನೆನಪಿಟ್ಟುಕೊಳ್ಳಿ, ಇವತ್ತಿನ ಸಂದೇಶವೆಲ್ಲ ಇದರ ಮೇಲೇ ನಿಂತಿದೆ.

ಮೊದಲು, ಈ ಕಾಯಿಲೆ ನಮ್ಮಲ್ಲಿ ಎಷ್ಟಿದೆ ಅಂತ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದ ಎಲ್ಲ ರಾಜ್ಯಗಳಲ್ಲೂ ನಡೆದ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಮಧುಮೇಹ ಇದೆ, ಇನ್ನೂ ಸುಮಾರು 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಬೆಳಗಿನ ಖಾಲಿ ಹೊಟ್ಟೆಯ ಶುಗರ್ 100ರಿಂದ 125ರ ಒಳಗಿದ್ದರೆ, ಅಥವಾ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.7ರಿಂದ 6.4ರ ಒಳಗಿದ್ದರೆ, ಅದೇ ಹೊಸ್ತಿಲು. ಇಷ್ಟು ದೊಡ್ಡ ಸಭೆಯಲ್ಲಿ ಆ ಹೊಸ್ತಿಲಲ್ಲಿ ನಿಂತವರು ಯಾರೂ ಇಲ್ಲ ಅಂದರೆ ನಾನು ನಂಬಲ್ಲ. ಹೇಳಿಕೊಳ್ಳೋಕೆ ನಾಚಿಕೆ, ಅಷ್ಟೆ.

ದೇಹದೊಳಗೆ ಆಗೋದೇನು? ನಾವು ತಿನ್ನೋ ಅನ್ನ, ಇಡ್ಲಿ, ಚಪಾತಿ, ಬ್ರೆಡ್ಡು ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತೆ. ಆಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತೆ. ಅದರ ಮಾತು ಕೇಳಿ ಸ್ನಾಯುಗಳು ಸಕ್ಕರೆಯನ್ನ ಒಳಗೆ ತಗೊಳ್ತವೆ, ಲಿವರ್ ತನ್ನಲ್ಲಿರೋ ಸಕ್ಕರೆಯನ್ನ ಹೊರಗೆ ಬಿಡೋದು ಕಡಿಮೆ ಮಾಡುತ್ತೆ. ಕೆಲವರ ದೇಹ ಈ ಮಾತನ್ನ ಸರಿಯಾಗಿ ಕೇಳಿಸಿಕೊಳ್ಳಲ್ಲ. ಗ್ರಂಥಿ ಇನ್ನೂ ಜೋರಾಗಿ, ಇನ್ನೂ ಜಾಸ್ತಿ ಇನ್ಸುಲಿನ್ ಬಿಡಬೇಕಾಗುತ್ತೆ. ವರ್ಷಗಟ್ಟಲೆ ಹೀಗೆ ನಡೆದರೂ ರಿಪೋರ್ಟ್ ಸರಿಯಾಗೇ ಬರುತ್ತಿರುತ್ತೆ. ಒಂದು ದಿನ ಗ್ರಂಥಿಗೆ ಸಾಕಾಗುತ್ತೆ. ಆವತ್ತು ನಮಗೆ ಗೊತ್ತಾಗುತ್ತೆ.

ಹಾಗಾದರೆ ತಿಂದವನದೇ ತಪ್ಪು ಅನ್ನೋಣವಾ? ಸ್ವಲ್ಪ ತಾಳಿ. ಪುಣೆಯ ವೈದ್ಯರಾದ ಸಿ. ಎಸ್. ಯಾಜ್ಞಿಕ್ ಅವರ ತಂಡ ಅಲ್ಲಿ ಹುಟ್ಟಿದ ಶಿಶುಗಳನ್ನ ಇಂಗ್ಲೆಂಡಿನ ಶಿಶುಗಳ ಜೊತೆ ಹೋಲಿಸಿ ನೋಡಿತು. ನಮ್ಮ ಮಕ್ಕಳ ತೂಕ ಕಡಿಮೆ, ಸ್ನಾಯು ಕಡಿಮೆ, ಆದರೆ ಆ ಪುಟ್ಟ ಮೈಗೆ ಕೊಬ್ಬು ಮಾತ್ರ ಅಷ್ಟು ಕಡಿಮೆ ಇರಲಿಲ್ಲ. ನೋಡೋಕೆ ತೆಳ್ಳಗಿದ್ದರೂ ಶುಗರ್ ಬರೋದು ನಮ್ಮ ಜನರಲ್ಲಿ ಸಾಮಾನ್ಯ. 1944–45ರ ಚಳಿಗಾಲದಲ್ಲಿ, ಯುದ್ಧದ ಕಾಲ, ನೆದರ್ಲೆಂಡ್ಸ್‌ನ ಪಶ್ಚಿಮ ಭಾಗದಲ್ಲಿ ಭೀಕರ ಹಸಿವು ಬಂತು. ಆಗ ಗರ್ಭದಲ್ಲಿದ್ದವರನ್ನ ಸುಮಾರು ಐವತ್ತು ವರ್ಷ ಆದ ಮೇಲೆ ಪರೀಕ್ಷೆ ಮಾಡಿದಾಗ, ಸಕ್ಕರೆಯನ್ನ ನಿಭಾಯಿಸೋ ಶಕ್ತಿ ಅವರಲ್ಲಿ ಬೇರೆಯವರಿಗಿಂತ ಕಡಿಮೆ ಇತ್ತು. ಹಸಿದಿದ್ದು ತಾಯಿ. ಲೆಕ್ಕ ಬಂದಿದ್ದು ಮಗುವಿನ ರಕ್ತದಲ್ಲಿ. ಇನ್ನು ಟೈಪ್ 1 ಮಧುಮೇಹ ಬರೋ ಮಕ್ಕಳ ವಿಷಯ. ಅಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಮಾಡೋ ಕೋಶಗಳನ್ನ ನಾಶ ಮಾಡುತ್ತೆ. ಮಗು ತಿಂದ ಚಾಕ್ಲೇಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಂಥ ಮಗುವಿನ ತಾಯಿಗೆ "ಸಿಹಿ ಜಾಸ್ತಿ ಕೊಟ್ರಿ ಅನ್ಸುತ್ತೆ" ಅಂತ ಹೇಳೋ ನಾಲಿಗೆಯನ್ನ ಕರ್ತನು ಮೊದಲು ಶುದ್ಧಿ ಮಾಡಲಿ.

ಹಾಗಾದರೆ ಎಲ್ಲ ಹಣೆಬರಹ, ನಮ್ಮ ಕೈಯಲ್ಲಿ ಏನೂ ಇಲ್ಲ ಅಂತಾನಾ? ಅದೂ ಅಲ್ಲ. ಚೆನ್ನೈನಲ್ಲಿ ಡಾಕ್ಟರ್ ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಹೊಸ್ತಿಲಲ್ಲಿದ್ದವರನ್ನ ಸುಮಾರು ಮೂರು ವರ್ಷ ಗಮನಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಸಾಮಾನ್ಯ ಸಲಹೆಯಷ್ಟೇ ಸಿಕ್ಕವರಲ್ಲಿ 100ಕ್ಕೆ 55 ಜನಕ್ಕೆ ಮಧುಮೇಹ ಬಂತು. ಊಟ ತಿದ್ದಿಕೊಂಡು, ದಿನಾ ನಡೆಯೋದಕ್ಕೆ ಪ್ರೋತ್ಸಾಹ ಸಿಕ್ಕವರಲ್ಲಿ ಸುಮಾರು 39 ಜನಕ್ಕೆ ಬಂತು. ಈ ಎರಡು ಸಂಖ್ಯೆಗಳನ್ನ ಒಟ್ಟಿಗೆ ಓದಿ. ನೂರರಲ್ಲಿ ಹದಿನಾರು ಜನ ಆ ಮೂರು ವರ್ಷ ಉಳಿದುಕೊಂಡರು, ಅದು ಸಣ್ಣ ವಿಷಯ ಅಲ್ಲ. ಆದರೆ ಆ 39 ಜನ? ಊಟ-ನಡಿಗೆ ತಿದ್ದಿಕೊಳ್ಳೋ ಗುಂಪಿನಲ್ಲಿದ್ದರೂ ಅವರಿಗೆ ಬಂತು. ಅವರ ಹತ್ತಿರ ಹೋಗಿ "ನಿಮಗೆ ಇಂದ್ರಿಯನಿಗ್ರಹ ಇಲ್ಲ" ಅಂತ ಹೇಳ್ತೀರಾ?

ಇಲ್ಲೇ ನಾವು ಎರಡು ಪದಗಳನ್ನ ಬೇರೆ ಮಾಡಬೇಕು: ತಪ್ಪು ಮತ್ತು ಹೊಣೆ. ಕಾಯಿಲೆ ಬಂದಿದ್ದು ನನ್ನ ತಪ್ಪು ಆಗದೇ ಇರಬಹುದು. ಆದರೆ ನಾಳೆ ಬೆಳಿಗ್ಗೆಯ ತಟ್ಟೆ ನನ್ನ ಹೊಣೆಯೇ. ಕಾರಣ ಯಾರೇ ಆಗಿರಲಿ, ಕೊಳಕ್ಕೆ ನಡೆದು ಹೋಗಿ ಕಣ್ಣು ತೊಳೆದುಕೊಂಡವನು ಆ ಕುರುಡನೇ.

ಹೊಣೆ ಅಂದರೆ ಇದನ್ನ ತಿನ್ನಬೇಡ, ಅದನ್ನ ಮುಟ್ಟಬೇಡ ಅನ್ನೋ ಹೊಸ ಧರ್ಮಶಾಸ್ತ್ರ ಅಲ್ಲ. ಆಹಾರ ನಮ್ಮನ್ನ ದೇವರ ಹತ್ತಿರ ಮಾಡೋದೂ ಇಲ್ಲ, ದೂರ ಮಾಡೋದೂ ಇಲ್ಲ ಅಂತ ಪೌಲನು ಕೊರಿಂಥದವರಿಗೆ ಕಲಿಸಿದ್ದಾನೆ. ಆದರೆ ಅದೇ ಪತ್ರಿಕೆಯಲ್ಲಿ ನಮ್ಮ ದೇಹ ಪರಿಶುದ್ಧಾತ್ಮನ ಆಲಯ ಅಂತಲೂ ಕಲಿಸುತ್ತಾನೆ. ಆಲಯವನ್ನ ನೋಡಿಕೊಳ್ಳೋದು ಕೆಲವು ಸರಳ ವಿಷಯಗಳಿಂದ ಶುರುವಾಗುತ್ತೆ.

ತಿನ್ನೋ ಕ್ರಮ ನೋಡಿ. ನಮ್ಮ ಕಡೆ ಮದುವೆ ಊಟದಲ್ಲಿ ಬಾಳೆಲೆಗೆ ಕೋಸಂಬರಿ, ಪಲ್ಯ ಮೊದಲು ಬೀಳುತ್ತೆ, ಅನ್ನ ಆಮೇಲೆ. ತರಕಾರಿ, ಬೇಳೆ, ಮೊಟ್ಟೆ ಮೊದಲು ತಿಂದು ಅನ್ನ-ಚಪಾತಿಗೆ ಆಮೇಲೆ ಬಂದರೆ, ಅದೇ ಊಟಕ್ಕೆ ಶುಗರ್ ಕಡಿಮೆ ಏರುತ್ತೆ ಅಂತ ಪರೀಕ್ಷೆಗಳೂ ತೋರಿಸಿವೆ. ನಾರು ಸಕ್ಕರೆಯನ್ನ ನಿಧಾನವಾಗಿ ರಕ್ತಕ್ಕೆ ಬಿಡುತ್ತೆ. ನಮಗೆ ಜೀರ್ಣ ಆಗದ ಆ ನಾರೇ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಊಟ. ಅವು ಅದನ್ನ ಹುಳಿಸಿ ಮಾಡೋ ಆಮ್ಲಗಳು ಕರುಳಿನ ಒಳಪದರದ ಕೋಶಗಳಿಗೆ ಆಹಾರ ಆಗ್ತವೆ. ಹುರುಳಿ ಸಾರು, ಸೊಪ್ಪಿನ ಬಸ್ಸಾರು, ಕಾಳು ಪಲ್ಯ, ನಿಮ್ಮ ಅಜ್ಜಿ ಮಾಡುತ್ತಿದ್ದ ಇವೆಲ್ಲ ಈ ಕೆಲಸಕ್ಕೆ ಸಾಕು. ಹಾಗಂತ ರಾಗಿ ಅಂದ ತಕ್ಷಣ ಶುಗರ್ ಏರಲ್ಲ ಅಂದುಕೋಬೇಡಿ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಬೇಗ ಜೀರ್ಣವಾಗುತ್ತೆ, ಅದರಲ್ಲೂ ಬೆಲ್ಲ ಹಾಕಿದರೆ ಹೇಳೋದೇ ಬೇಡ.

ಹೊತ್ತೂ ಮುಖ್ಯ. ರಾತ್ರಿ ಹನ್ನೊಂದಕ್ಕೆ ಫೋನಲ್ಲಿ ಆರ್ಡರ್ ಮಾಡಿ, ತಿಂದು, ಹಾಗೇ ಮಲಗೋದು ನಮ್ಮ ನಗರದ ಅಭ್ಯಾಸ. ಬೆಳಿಗ್ಗೆಗಿಂತ ರಾತ್ರಿ ಹೊತ್ತು ದೇಹ ಸಕ್ಕರೆಯನ್ನ ನಿಭಾಯಿಸೋದು ನಿಧಾನ. ತಿಂದ ತಕ್ಷಣ ಮಲಗಿದರೆ ಆಮ್ಲ ಮೇಲಕ್ಕೆ ಬಂದು ಎದೆ ಉರಿಯುತ್ತೆ. ಮಲಗೋಕೆ ಎರಡು ಮೂರು ಗಂಟೆ ಮುಂಚೆ ಊಟ ಮುಗಿಸಿ, ಹತ್ತು ಹದಿನೈದು ನಿಮಿಷ ನಡೆಯಿರಿ. ನಡೆಯೋ ಸ್ನಾಯು ಸಕ್ಕರೆಯನ್ನ ತಾನೇ ಎಳೆದುಕೊಳ್ಳುತ್ತೆ. ನೈಟ್ ಶಿಫ್ಟ್ ಇರೋರಿಗೆ ಇದೆಲ್ಲ ಕೈಯಲ್ಲಿಲ್ಲ, ನನಗೆ ಗೊತ್ತು. ಎಷ್ಟು ಕೈಯಲ್ಲಿದೆಯೋ ಅಷ್ಟಕ್ಕೇ ಹೊಣೆ.

ಇನ್ನೊಂದು ಮಾತು ಇಡೀ ಸಭೆಗೆ. ಫೆಲೋಶಿಪ್ ಊಟದಲ್ಲಿ ನಾವು ಬಿರಿಯಾನಿ, ಕೇಸರಿಬಾತ್, ಜ್ಯೂಸ್ ಇಡ್ತೀವಿ. ಒಬ್ಬ ಸಹೋದರ ಬೇಡ ಅಂದರೆ "ಒಂದು ದಿನಕ್ಕೆ ಏನೂ ಆಗಲ್ಲ, ತಿನ್ನಿ ಬ್ರದರ್" ಅಂತ ಬಲವಂತ ಮಾಡ್ತೀವಿ. ತನ್ನ ಊಟದಿಂದ ಸಹೋದರನಿಗೆ ತೊಂದರೆ ಆಗೋದಾದರೆ ಮಾಂಸವನ್ನೇ ಬಿಡೋಕೆ ಪೌಲನು ಸಿದ್ಧನಿದ್ದ. ನಮಗೆ ಒಂದು ಸೌಟು ಕೇಸರಿಬಾತ್ ಬಿಡೋಕಾಗಲ್ವಾ? ಒಂದು ಪಾತ್ರೆ ಕೋಸಂಬರಿ, ಒಂದು ಪಾತ್ರೆ ಮಜ್ಜಿಗೆ ಇಡಿ. ಯಾಕೆ ಬೇಡ ಅಂತ ಯಾರನ್ನೂ ಕೇಳಬೇಡಿ.

ಈಗ ಎಲ್ಲಕ್ಕಿಂತ ಗಂಭೀರವಾದ ವಿಷಯ: ಉಪವಾಸ ಮತ್ತು ಮಾತ್ರೆ. ಇನ್ಸುಲಿನ್ ಅಥವಾ ಶುಗರ್ ಇಳಿಸೋ ಕೆಲವು ಮಾತ್ರೆಗಳನ್ನ ತಗೊಂಡು ಊಟ ಬಿಟ್ಟರೆ, ಶುಗರ್ 70ಕ್ಕಿಂತ ಕೆಳಗೆ ಇಳಿಯಬಹುದು. ಕೈ ನಡುಗುತ್ತೆ, ಬೆವರು ಬರುತ್ತೆ, ಮಾತು ತಡವರಿಸುತ್ತೆ. ದಯವಿಟ್ಟು ಅದನ್ನ ಅಭಿಷೇಕ ಅಂದುಕೋಬೇಡಿ. ತಕ್ಷಣ ಗ್ಲೂಕೋಸ್ ಅಥವಾ ಸಕ್ಕರೆ ನೀರು ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ. ಉಪವಾಸ ಮುರೀತು ಅನ್ನೋ ಭಯ ಬೇಡ. ಡಾಕ್ಟರ್ ಹತ್ತಿರ ಮಾತಾಡದೆ ಉಪವಾಸಕ್ಕೆ ಕೂರಬೇಡಿ. ಊಟದ ಬದಲು ಫೋನನ್ನ ಬಿಟ್ಟು ಪ್ರಾರ್ಥಿಸಿದರೂ ಕರ್ತನು ಕೇಳ್ತಾನೆ.

ಟೈಪ್ 1 ಇರೋರು ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಒಂದೇ ದಿನದಲ್ಲಿ ಪ್ರಾಣಕ್ಕೆ ಬರುತ್ತೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಅದಕ್ಕೆ ಮುಂಚೆ ಇಂಥ ಮಕ್ಕಳನ್ನ ಅರೆಹೊಟ್ಟೆಯಲ್ಲಿಟ್ಟು ದಿನ ಎಣಿಸುತ್ತಿದ್ದರು. ಆ ಔಷಧಿ ಬಂದಿದ್ದನ್ನ ನಾನು ದೇವರ ಕರುಣೆ ಅಂತಲೇ ನಂಬುತ್ತೇನೆ. ತಿಮೊಥೆಯನಿಗೆ ಹೊಟ್ಟೆಯ ತೊಂದರೆ ಇದ್ದಾಗ, ರೋಗಿಗಳನ್ನ ಎಬ್ಬಿಸಿದ ಪೌಲನೇ ಆ ಕಾಲದ ಮದ್ದಾಗಿ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದ. (ಇದು ಕುಡಿಯೋಕೆ ಪರ್ಮಿಷನ್ ಅಲ್ಲ, ಯಾರೂ ನಗಬೇಡಿ!) "ನಿನಗೆ ನಂಬಿಕೆ ಕಡಿಮೆ" ಅಂತ ಅವನಿಗೆ ಬರೆಯಲಿಲ್ಲ.

ಕರ್ತನು ಸ್ವಸ್ಥಪಡಿಸ್ತಾನಾ? ಹೌದು, ನಾನು ಅದಕ್ಕಾಗಿ ಪ್ರಾರ್ಥಿಸುತ್ತೇನೆ, ಮುಂದೆಯೂ ಪ್ರಾರ್ಥಿಸುತ್ತೇನೆ. ಆದರೆ ಯೇಸು ಸ್ವಾಮಿ ಕುಷ್ಠರೋಗಿಗಳನ್ನ ವಾಸಿ ಮಾಡುವಾಗಲೂ ಯಾಜಕರಿಗೆ ಮೈ ತೋರಿಸಲು ಕಳುಹಿಸಿದರು. ನಿಜವಾದ ಸ್ವಸ್ಥತೆ ಪರೀಕ್ಷೆಗೆ ಹೆದರಲ್ಲ. ನಿಮ್ಮ ಶುಗರ್ ಇಳಿದಿದ್ದರೆ ರಿಪೋರ್ಟ್ ಹೇಳುತ್ತೆ, ಮಾತ್ರೆಯನ್ನ ಡಾಕ್ಟರೇ ಕಡಿಮೆ ಮಾಡ್ತಾರೆ. ಆಗ ಇಲ್ಲಿ ಬಂದು ಸಾಕ್ಷಿ ಹೇಳಿ, ನಾವೆಲ್ಲ ಸ್ತೋತ್ರ ಹೇಳೋಣ. ಅಲ್ಲಿಯವರೆಗೆ ದಿನಾ ಮಾತ್ರೆ ನುಂಗಿ ದಿನಾ ಪ್ರಾರ್ಥಿಸುವವನ ನಂಬಿಕೆ ಯಾರ ನಂಬಿಕೆಗಿಂತಲೂ ಚಿಕ್ಕದಲ್ಲ.

ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನಾ ಸಿಕ್ಕಿದ್ದು ಒಂದೊಂದು ದಿನಕ್ಕೆ. ನಿನ್ನೆಯದನ್ನ ಕೂಡಿಟ್ಟವರ ಪಾತ್ರೆಯಲ್ಲಿ ಹುಳ ಬಿತ್ತು. ನಿನ್ನೆ ತಿಂದಿದ್ದರ ಅಪರಾಧಭಾವವನ್ನೂ ಕೂಡಿಡಬೇಡಿ. ಈ ವಾರ ಮೂವತ್ತು ದಾಟಿದವರು ಒಂದು ಸಲ ಶುಗರ್ ಪರೀಕ್ಷೆ ಮಾಡಿಸಿ, ಅಪ್ಪ-ಅಮ್ಮನಿಗೆ ಇದ್ದರೆ ಇನ್ನೂ ಚಿಕ್ಕವರೂ ಮಾಡಿಸಿ. ರಿಪೋರ್ಟ್ ಏನೇ ಬರಲಿ, ಅದನ್ನ ಮುಚ್ಚಿಡದೆ ಒಬ್ಬ ಸಹೋದರನಿಗೋ ಸಹೋದರಿಗೋ ಹೇಳಿ, ಅವರ ಜೊತೆ ಸೇರಿ ನಡೆಯೋಕೆ ಶುರುಮಾಡಿ.

ಪ್ರಾರ್ಥಿಸೋಣ. ಕರ್ತನೇ, ನಮ್ಮ ತಟ್ಟೆಯನ್ನೂ ನಾಲಿಗೆಯನ್ನೂ ನಿನ್ನ ಕೈಗೆ ಒಪ್ಪಿಸುತ್ತೇವೆ. ಕಾಯಿಲೆ ಇರುವವರ ಮೇಲಿಂದ ನಾಚಿಕೆಯ ಭಾರವನ್ನು ತೆಗೆದುಹಾಕು. ಆರೋಗ್ಯ ಇರುವವರ ಬಾಯಿಂದ ತೀರ್ಪನ್ನು ತೆಗೆದುಹಾಕು. ಇವತ್ತಿನ ಊಟಕ್ಕೆ ಬೇಕಾದ ವಿವೇಕವನ್ನು ಇವತ್ತೇ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.