ಪರದೆಯ ಮುಖ ಯಾವ ಕಡೆ?

ಕುರೆಕುಪ್ಪದ ನಮ್ಮ ಮನೆಯ ಕಿಟಕಿಗೆ ಅವ್ವ ಹಳೆಯ ಸೀರೆಯಲ್ಲಿ ಪರದೆ ಹೊಲಿದಳು, ಅದಿರಿನ ಕೆಂಧೂಳು ತಡೆಯಲೆಂದು. ಅದರ ಕೆಳ ಅಂಚಿಗೆ ಸಂಡೂರಿನ ಲಂಬಾಣಿ ಕಸೂತಿಯ ಕನ್ನಡಿಪಟ್ಟಿಯನ್ನು ಬೀದಿಗೆ ಮುಖಮಾಡಿ ಜೋಡಿಸಿದಳು. 'ಚೆಂದ ನಮಗೆ ಬ್ಯಾಡೇನವ್ವಾ?' ಎಂದೆ. 'ಕಿಟಕಿ ಮುಚ್ಚಾಕತ್ತೀವಿ, ಬೀದಿಗೆ ಬೆನ್ನೂ ತೋರಸಬೇಕೇನು?' ಎಂದಳು.

ಮರೆ ನಮ್ಮ ಹಕ್ಕು, ನಿಜ. ಆದರೆ ಮರೆಯಾಚೆ ಉಳಿದವರಿಗೂ ನಮ್ಮಿಂದ ಏನೋ ಸಲ್ಲಬೇಕು. ಅವ್ವ ಅದನ್ನು ಸಲ್ಲಿಸಿದ್ದಳು.

ಒಳಗೆ ಓದುತ್ತಾ ಕೂತ ನನಗೆ ಕಾಣುವುದು ಪಟ್ಟಿಯ ಹಿಂಬದಿ: ಗಂಟುಗಳು, ದಾರದ ತುದಿಗಳು, ಯಾರದೋ ಕಣ್ಣು ಸೋತ ದುಡಿಮೆ. 2010ರಲ್ಲಿ ಈ ಕಸೂತಿಗೆ ಜಿಐ ಮಾನ್ಯತೆ ಬಂತು. ಊರಿನ ಹೆಸರಿಗೆ ರಕ್ಷಣೆ ಸಿಕ್ಕಿತು. ಈ ಪಟ್ಟಿ ಹೊಲಿದವಳ ಹೆಸರನ್ನು ಮಾತ್ರ, ಕೊಳ್ಳುವಾಗ, ನಾನು ಕೇಳಲೇ ಇಲ್ಲ. ಬೀದಿಗೆ ಬೆನ್ನು ತೋರಿಸಲಿಲ್ಲ, ಅವಳಿಗೆ?